ಹಾಡಿಲ್ಲದ ಆಟಕ್ಕೆ ಬೆಂಜೊ

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ, ಪೇಂಟು ಮಾರುವ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ನಾನು ಕಂಪ್ಯೂಟರ್ ಕಲಿತೆ. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಡಿಗ್ರಿ ಕಾಲೇಜು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು, ವಾಡಿ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ಸಂಜೆಗೆ ಬರುತ್ತಿತ್ತು. ನಡುವಿನ ಹೊತ್ತು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತರೆ ಕಂಡವರೆಲ್ಲ ಯಾರ ಮಗಳು, ಯಾಕೆ ಕೂತಿದ್ದಾಳೆ ಎಂದು ವಿಚಾರಿಸುತ್ತಿದ್ದರು. ಕಂಪ್ಯೂಟರ್ ಮುಂದೆ ಕೂತರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅಪ್ಪನಿಗೆ ಇಷ್ಟೇ ಹೇಳಿ ಒಪ್ಪಿಸಿದ್ದೆ.

ಅಪ್ಪ ವಾಡಿಯ ಆಚೆಯ ಖಣಿಯಲ್ಲಿ ಫರಸಿ ಕಲ್ಲು ಎಬ್ಬಿಸುತ್ತಿದ್ದ. ನಿಮ್ಮ ಮನೆಯ ನೆಲಕ್ಕೆ ಹಾಸಿರಬಹುದಾದ ಬೂದುಬಣ್ಣದ ಶಹಾಬಾದಿ ಕಲ್ಲು ಅದೇ. ಅವ್ವ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತುವವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಕೈಗೆ ಕೊಟ್ಟದ್ದಲ್ಲ, ಜಗ್ಗಿ ತೆಗೆದುಕೊಂಡದ್ದು. ಈಗ ಹೇಳಹೊರಟಿರುವುದು ಡಿಗ್ರಿಯ ಮಾತಲ್ಲ. ಆ ವರ್ಷಗಳಲ್ಲಿ ನಾನು ಕೇಳಿದ, ಇನ್ನೊಮ್ಮೆ ಕೇಳಬೇಕೆಂದು ಇವತ್ತಿಗೂ ಜೀವ ಎಳೆಯುವ ಒಂದು ಸಂಗೀತದ ಮಾತು. ಅದು ಒಂದು ಕಂಪ್ಯೂಟರ್ ಆಟದ ಸಂಗೀತ. ಆ ಆಟ ಮಾಡಿದವರಿಗೆ ಮಾತ್ರ ಅದರ ಸುದ್ದಿ ಗೊತ್ತಿಲ್ಲ.

ಕ್ಲಾಸಿನಲ್ಲಿ ಮಧ್ಯಾಹ್ನ ಹುಡುಗಿಯರ ಬ್ಯಾಚು, ಸಂಜೆ ಹುಡುಗರ ಬ್ಯಾಚು. ನಡೆಸುತ್ತಿದ್ದ ಸರ್ ಆಚಾರ್ಯರ ಮನೆತನದವರು. ಅವರ ತಂದೆ, ಅಜ್ಜ ಎಲ್ಲ ಗುಡಿಯ ಪೂಜೆ ಮಾಡಿಕೊಂಡು ಬಂದವರು. ಇವರು ಗುಡಿ ಬಿಟ್ಟು ಬಂದಿದ್ದರೂ ಕೈ ಸುಮ್ಮನಿರುತ್ತಿರಲಿಲ್ಲ. ಶುಕ್ರವಾರ ಎಲ್ಲ ಮಾನಿಟರುಗಳಿಗೂ ಕುಂಕುಮ ಬೀಳುತ್ತಿತ್ತು. ಒಮ್ಮೆ ಮೌಸಿಗೂ ಹಚ್ಚಿ, ಕುಂಕುಮ ಒಳಗಿಳಿದು, ಅದರ ಗುಂಡಿ ಕೂತೇ ಹೋಯಿತು. ಅಂದಿನಿಂದ ಮೌಸಿಗೆ ಬರೀ ಊದುಬತ್ತಿ.

ಹುಡುಗಿಯರು ಸೇರುತ್ತಿದ್ದರು, ಲಗ್ನ ಗೊತ್ತಾದೊಡನೆ ಬಿಡುತ್ತಿದ್ದರು. ಬಹಳ ದಿನ ಉಳಿದವರು ಇಬ್ಬರೇ: ನಾನು, ಮತ್ತೆ ಅವಳು. ಅವಳ ಹೆಸರು ಬರೆಯುವುದಿಲ್ಲ. ಬರೆಯಬೇಡ ಎಂದು ಅವಳೇ ಹೇಳಿದ್ದಾಳೆ.

ಅವಳ ಅಬ್ಬಾ ಬೆಂಜೊ ಪಾರ್ಟಿ ನಡೆಸುತ್ತಿದ್ದರು. ಮದುವೆಯ ಬರಾತಿನ, ಅಂದರೆ ಗಂಡಿನ ಮೆರವಣಿಗೆಯ, ಮುಂದೆ ಬಾರಿಸುತ್ತ ಹೋಗುವ ಮೇಳಕ್ಕೆ ನಮ್ಮ ಕಡೆ ಹಾಗೆ ಹೆಸರು. ಬೆಂಜೊ ಅಂದರೆ ಉದ್ದನೆಯ ಮರದ ಹಲಗೆ, ಅದರ ಮೇಲೆ ತಂತಿ, ತಂತಿಯ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈಯಿಂದ ಗುಂಡಿ ಒತ್ತುತ್ತ ಬಲಗೈಯಿಂದ ತಂತಿ ಮೀಟಬೇಕು. ಅವಳು ಚಿಕ್ಕಂದಿನಿಂದ ಮನೆಯೊಳಗೆ ಅದನ್ನು ಬಾರಿಸುತ್ತ ಬೆಳೆದವಳು. ಹೊರಗೆ ಒಮ್ಮೆಯೂ ಬಾರಿಸಿರಲಿಲ್ಲ. ಹೆಣ್ಣುಮಕ್ಕಳು ಬರಾತಿನ ಮುಂದೆ ಹೋಗುವಂತಿರಲಿಲ್ಲ. ಮೊದಲ ದಿನವೇ ಅವಳ ಟೈಪಿಂಗ್ ನೋಡಿ ಸರ್ ಕುರ್ಚಿ ಬಿಟ್ಟು ಎದ್ದು ಬಂದರು.

"ಎಲ್ಲಿ ಕಲ್ತೀಯವಾ ಇದು?"

"ಬೆಂಜೊ ಮ್ಯಾಲ್ರಿ ಸರ್," ಅಂದಳು. "ಇಲ್ಲಿ ಆವಾಜ್ ಬರಂಗಿಲ್ಲ, ಅಷ್ಟೇ."

ನನ್ನ ಟೈಪಿಂಗ್ ಕೋಳಿ ಕಾಳು ಹೆಕ್ಕಿದಂತೆ. ಆದರೆ ಪುಸ್ತಕ ಬಿಡುತ್ತಿರಲಿಲ್ಲ. ಅದಕ್ಕೇ ಅವಳು ನನ್ನನ್ನು "ಓದಾಕಿ" ಎಂದು ಕರೆಯುತ್ತಿದ್ದಳು.

ಒಂದು ದಿನ ಸರ್ ಹೈದರಾಬಾದಿನಿಂದ ಒಂದು ಆಟದ ಸಿಡಿ ತಂದರು. ಸಂಜೆ ಬ್ಯಾಚಿನ ಹುಡುಗರಿಗೆ ಕಾರು ಓಡಿಸುವ, ಗುಂಡು ಹಾರಿಸುವ ಆಟಗಳು ಬೇಕಾಗಿದ್ದವು. ಇದನ್ನು ಅರ್ಧ ತಾಸು ನೋಡಿ ಬಿಟ್ಟರು. ಹಾಗಾಗಿ ನಮಗೆ ಉಳಿಯಿತು. ಹದ್ದು ಮೇಲಿನಿಂದ ನೋಡಿದಂತೆ ಒಂದು ಬಯಲು ಕಾಣುತ್ತದೆ. ಅಲ್ಲಿ ಊರು ಕಟ್ಟಬೇಕು. ಕಟ್ಟಿಗೆ ಕಡಿಯುವವರು, ಗೋಧಿ ಬಿತ್ತುವವರು, ಕಲ್ಲು ಎತ್ತುವವರು ಎಲ್ಲ ಅಂಗೈಯಗಲದ ಜಾಗದಲ್ಲಿ ಓಡಾಡುತ್ತಾರೆ. ನಾವು ಹೇಳಿದ ಕೆಲಸಕ್ಕೆ ಹೋಗುತ್ತಾರೆ, ಹೇಳದಿದ್ದರೆ ನಿಂತಿರುತ್ತಾರೆ. ತೋಳ ಬರುತ್ತದೆ, ವೈರಿಯೂ ಬರುತ್ತಾನೆ. ಅಷ್ಟು ದಿನ ಇನ್ನೊಬ್ಬರು ಹೇಳಿದ್ದನ್ನೇ ಮಾಡಿಕೊಂಡಿದ್ದ ನನಗೆ, ನಾನು ಬೆರಳು ಒತ್ತಿದಲ್ಲಿ ಒಂದು ಮನೆ ಏಳುವುದು ಎಂಥ ಸುಖ ಕೊಟ್ಟಿತೆಂದು ಹೇಳಲಾರೆ.

ಕೊಡಲಿಯ ಸದ್ದಿತ್ತು, ಕುರಿಯ ಸದ್ದಿತ್ತು, ಬಾಗಿಲು ತೆರೆಯುವ ಸದ್ದಿತ್ತು. ಆದರೆ ಹಾಡಿರಲಿಲ್ಲ. ಒಂದು ಕೊಡಲಿ ಏಟಿಗೂ ಇನ್ನೊಂದಕ್ಕೂ ನಡುವೆ ಬರೀ ಫ್ಯಾನು ತಿರುಗುವುದು ಕೇಳುತ್ತಿತ್ತು.

"ಸರ್, ಇದ್ರಾಗ ಮ್ಯೂಸಿಕ್ ಯಾಕಿಲ್ರಿ?" ಎಂದು ಅವಳೇ ಕೇಳಿದಳು.

ಸರ್ ಕನ್ನಡಕ ಮೇಲಕ್ಕೇರಿಸಿಕೊಂಡರು. "ಮದುವಿ ಕ್ಯಾಸೆಟ್ ನೋಡಿಲ್ಲೇನವಾ? ಶೂಟಿಂಗ್ ಮಾಡಿದವ ಹಂಗೇ ಕೊಡ್ತಾನೇನು? ಆಮ್ಯಾಲೆ ಸ್ಟುಡಿಯೋದಾಗ ಕುಂತು ಮಿಕ್ಸಿಂಗ್ ಮಾಡಿ ಹಾಡು ಹಾಕ್ತಾನ. ಇದೂ ಹಂಗೇ. ಆಟ ಅವ್ರು ಮಾಡಿ ಕೊಟ್ಟಾರ, ಮಿಕ್ಸಿಂಗ್ ಆಯಾ ಊರಿನವ್ರು ಮಾಡ್ಕೋಬೇಕು."

ನಾವು ನಂಬಿದೆವು. ಸರ್ ಕೂಡ ತಾವು ಹೇಳಿದ್ದನ್ನು ಪೂರಾ ನಂಬಿದ್ದರು. ನಂಬದೆ ಇರಲು ಕಾರಣವೂ ಇರಲಿಲ್ಲ. ಆಗ ನಮ್ಮ ಕಡೆ ಮದುವೆಯ ವೀಡಿಯೊ ಮೊದಲು ಮೂಕಿಯಾಗಿಯೇ ಇರುತ್ತಿತ್ತು. ಅಕ್ಕಿಕಾಳು ಬೀಳುವಲ್ಲಿ ಯಾವ ಹಾಡು, ಹೆಣ್ಣು ಕಳಿಸುವಲ್ಲಿ ಯಾವ ಹಾಡು ಎಂಬುದನ್ನು ಚಿತ್ತಾಪುರದವನೋ ಸೇಡಂದವನೋ ಒಬ್ಬ ಸ್ಟುಡಿಯೋದವನು ತೀರ್ಮಾನಿಸುತ್ತಿದ್ದ. ಆಟಕ್ಕೂ ಹಾಗೆಯೇ, ಪ್ರತಿ ಊರಿಗೂ ಬೇರೆ ಬೇರೆ ಹಾಡು ಇರುತ್ತದೆಂದು ನಾವು ತಿಳಿದೆವು. ಶಹಾಬಾದಿನದು ಇನ್ನೂ ಆಗಬೇಕಾಗಿತ್ತು.

ಮೊದಲು ಸರ್ ತಮ್ಮ ಟೇಪ್ ರೆಕಾರ್ಡರ್ ತಂದು ಸಿನಿಮಾ ಹಾಡು ಹಾಕಿ ನೋಡಿದರು. ನಾಯಕಿ ತನ್ನ ಮುಂಗುರುಳಿನ ವಿಷಯ ಹಾಡುತ್ತಿರುವಾಗ ನನ್ನ ಗೋಧಿ ಹೊಲಕ್ಕೆ ಬೆಂಕಿ ಬಿತ್ತು. ಇತ್ತ ವೈರಿ ಬಂದು ಗೋಡೆ ಒಡೆಯುತ್ತಿದ್ದರೆ ಅತ್ತ ಕ್ಯಾಸೆಟ್ಟಿನ ಒಂದು ಮಗ್ಗಲು ಮುಗಿದು ಟಕ್ ಎಂದು ನಿಂತಿತು. ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು. ನಗು ಮುಗಿದ ಮೇಲೆ ಅವಳು ಅಂದಳು:

"ಸಿನಿಮಾ ಹಾಡು ಆಗಂಗಿಲ್ಲ ಓದಾಕಿ. ಅದು ನನ್ನ ನೋಡು, ನನ್ನ ನೋಡು ಅಂತದ. ಇಲ್ಲಿ ನೋಡೋದು ಬ್ಯಾರೇ ಅದ."

ಮರುದಿನ ಬುರ್ಖಾದ ಮರೆಯಲ್ಲಿ ಉದ್ದನೆಯದೇನನ್ನೋ ಅಪ್ಪಿಕೊಂಡು ಮೆಟ್ಟಿಲು ಹತ್ತಿ ಬಂದಳು. ಸರ್ ನೋಡಿ, "ಇದೇನವಾ, ಮನಿ ಬಾಗ್ಲಾ ಕಿತ್ಕೊಂಡು ಬಂದೀಯೇನು?" ಅಂದರು. ಬಟ್ಟೆ ಬಿಚ್ಚಿದರೆ ಹಳೆಯ ಬೆಂಜೊ. ಒಂದು ತಂತಿ ಹೋಗಿದ್ದರಿಂದ ಪಾರ್ಟಿಯವರು ಅದನ್ನು ಅಟ್ಟಕ್ಕೆ ಹಾಕಿದ್ದರಂತೆ.

"ಅಲ್ಲವಾ, ಇದು ಕಂಪ್ಯೂಟರ್ ಕ್ಲಾಸು. ಬರಾತಲ್ಲ."

"ಮಿಕ್ಸಿಂಗ್ ಆಯಾ ಊರಿನವ್ರು ಮಾಡ್ಕೋಬೇಕಂತ ನೀವೇ ಹೇಳೀರಲ್ರಿ ಸರ್."

ಸರ್ ಒಪ್ಪಿ ಒಂದೇ ಷರತ್ತು ಹಾಕಿದರು: ಕೆಳಗಿನ ಪೇಂಟಿನ ಅಂಗಡಿಗೆ ಕೇಳಬಾರದು.

ಹಾಗಾಗಿ ಅವಳು ತಂತಿ ಮೀಟುವ ಕಡ್ಡಿಯನ್ನು ಬಿಟ್ಟು, ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಬಾರಿಸತೊಡಗಿದಳು. ಓಣಿಯ ಆ ತುದಿಗೆ ಕೇಳಬೇಕೆಂದು ಮಾಡಿದ ವಾದ್ಯ ಅದು. ಅವಳ ಕೈಯಲ್ಲಿ ಪಕ್ಕದ ಕುರ್ಚಿಗಷ್ಟೇ ಕೇಳುವಷ್ಟು ಸಣ್ಣಗಾಯಿತು. ಬಾರಿಸುತ್ತಿದ್ದಾಳೆ ಅನ್ನುವುದೇ ಸ್ವಲ್ಪ ಹೊತ್ತಿಗೆ ಮರೆತುಹೋಗುತ್ತಿತ್ತು. ಊರಿನ ಮೇಲೆ ಬಿಸಿಲು ಬಿದ್ದಿರುವ ಹಾಗೆ, ಗಾಳಿ ಇರುವ ಹಾಗೆ, ಅದು ಇರುತ್ತಿತ್ತು. ನಿಂತಾಗ ಮಾತ್ರ ಇಷ್ಟು ಹೊತ್ತು ಇತ್ತೆಂದು ಗೊತ್ತಾಗುತ್ತಿತ್ತು.

"ಒಂದೇ ಹಾಡು ಇಷ್ಟೊತ್ತು ಹೆಂಗ ಬಾರಸ್ತಿ?" ಎಂದು ಒಮ್ಮೆ ಕೇಳಿದೆ.

"ಬರಾತು ಹೆಂಗ ಹೋಗ್ತದ ನೋಡೀದಿ? ನಾಕ ಹೆಜ್ಜಿ ಹೋಗ್ತದ, ನಿಲ್ತದ. ಯಾರೋ ಕಾಕಾ ಕುಣಿಲಿಕತ್ತಾನ. ಅವನ ಸಮಾಧಾನ ಆಗೋತನಕ ಹಾಡು ಮುಗಸಂಗಿಲ್ಲ, ಮುಂದಕ್ಕ ಒಯ್ಯಂಗೂ ಇಲ್ಲ. ನಿಂತಲ್ಲೇ ತಿರುಗಸ್ತಿರಬೇಕು. ಕೇಳೋರಿಗಿ ತಿರುಗಸಾಕತ್ತಾರಂತ ಗೊತ್ತಾಗಬಾರ್ದು. ನಮ್ಮ ಅಬ್ಬಾ ಇದರಾಗ ಭಾಳ ಹುಷಾರ್."

"ನನ್ನ ಆಟದಾಗ ಕಾಕಾ ಯಾರು?"

"ನೀನೇ," ಅಂದಳು. "ನೀನೂ ಒಂದ ಮನಿ ಕಟ್ಟಿ ಕುಣಿಲಿಕತ್ತಿ, ಮುಂದ ಹೋಗೋದೇ ಇಲ್ಲ."

ಅವಳು ಪರದೆಯನ್ನು ಅಷ್ಟಾಗಿ ನೋಡುತ್ತಿರಲಿಲ್ಲ. ಮೌಸಿನ ಮೇಲಿದ್ದ ನನ್ನ ಕೈ ನೋಡುತ್ತಿದ್ದಳು. ಕೈ ಸಾವಕಾಶವಾಗಿದ್ದರೆ ಉದ್ದುದ್ದ ಸ್ವರಗಳು. ನಾನು ಗಾಬರಿಯಾಗಿ ಅತ್ತಿಂದಿತ್ತ ಸರಿಸತೊಡಗಿದರೆ, ನನಗೇ ವೈರಿ ಕಾಣುವ ಮುಂಚೆ ಅವಳ ತಂತಿ ಬಿಗಿಯಾಗುತ್ತಿತ್ತು. ಎಷ್ಟೋ ಸಲ ಬೆಂಜೊ ಕೇಳಿಯೇ ನಾನು ಹೆದರಿದ್ದೇನೆಂದು ತಿಳಿದುಕೊಂಡದ್ದುಂಟು.

ಇನ್ನೊಂದಿತ್ತು. ಬರಾತು ಹೋಗುವ ದಾರಿಯಲ್ಲಿ ಸಾವಾದ ಮನೆ ಇದ್ದರೆ, ಅದರ ಮುಂದೆ ಬೆಂಜೊ ಪಾರ್ಟಿ ಬಾರಿಸುವುದಿಲ್ಲ. ಆ ಮನೆ ದಾಟುವ ತನಕ ಎಲ್ಲರೂ ಸುಮ್ಮನೆ ನಡೆಯುತ್ತಾರೆ. ಆಟದಲ್ಲಿ ನನ್ನ ಕಟ್ಟಿಗೆ ಕಡಿಯುವವನನ್ನು ಮೊದಲ ಸಲ ತೋಳ ಹಿಡಿದ ದಿನ ಅವಳು ತಟ್ಟನೆ ಅಂಗೈಯನ್ನು ತಂತಿಗಳ ಮೇಲೆ ಇಟ್ಟುಬಿಟ್ಟಳು. ಯಾಕೆಂದು ನಾನು ತಿರುಗಿ ನೋಡಿದೆ. ಪರದೆಯ ಕಡೆ ಗದ್ದದಿಂದ ತೋರಿಸಿ, "ಅಲ್ಲಿಂದ ಮುಂದ ಹೋಗು, ಆಮ್ಯಾಲೆ ಬಾರಸ್ತೀನಿ," ಅಂದಳು. ಅವನು ಹೆಬ್ಬೆರಳಿನಷ್ಟೂ ಇಲ್ಲದ, ಹೆಸರಿಲ್ಲದ, ಬೆಳಕಿನ ಚುಕ್ಕೆಗಳಿಂದಾದ ಮನುಷ್ಯ. ಅವನು ಬಿದ್ದ ಜಾಗ ಪರದೆಯಿಂದ ಸರಿಯುವ ತನಕ ಅವಳು ಕೈ ತೆಗೆಯಲಿಲ್ಲ. ಆ ಮೇಲೆ ಅದೇ ನಮ್ಮ ಪದ್ಧತಿಯಾಯಿತು. ಯಾರಾದರೂ ಸತ್ತರೆ ನಾನೂ ಸದ್ದಿಲ್ಲದೆ ಆ ಜಾಗ ದಾಟಿ ಹೋಗುತ್ತಿದ್ದೆ.

ನಾನು ಹುಡುಕುತ್ತಿರುವ ಧಾಟಿ ಕಲ್ಲಿನದು. ಆಟದಲ್ಲಿ ಕಲ್ಲು ಎತ್ತುವವರ ಜಾಗಕ್ಕೆ ಬಂದಾಗ ಅವಳು ಕೇಳಿದ್ದಳು:

"ನಿಮ್ಮಪ್ಪ ಕಲ್ಲು ಹೆಂಗ ಎಬ್ಬಸ್ತಾರ? ಒಂದೇ ಸವನ ಹೊಡಿತಾರೇನು?"

ಇಲ್ಲ ಎಂದೆ. ಗೆರೆ ಹಾಕಿ ಅದರ ಉದ್ದಕ್ಕೂ ಉಳಿಯಿಂದ ತೂತು ಮಾಡುತ್ತಾನೆ, ಬೆಣೆ ಕೂರಿಸುತ್ತಾನೆ, ಒಂದೊಂದಕ್ಕೂ ಒಂದೊಂದು ಏಟು ಕೊಟ್ಟು ಸುಮ್ಮನೆ ನಿಲ್ಲುತ್ತಾನೆ. ಕಲ್ಲು ತಾನಾಗಿ ಬಿಡುವ ತನಕ ಕಾಯುತ್ತಾನೆ. ಹೊಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅವಳು ಬಾರಿಸಿದಳು. ಕೆಳಗಿನ ತಂತಿಯ ಒಂದು ಸ್ವರ, ಆಮೇಲೆ ಏನೂ ಇಲ್ಲ. ಇನ್ನೊಂದು, ಮತ್ತೆ ಏನೂ ಇಲ್ಲ. ಆ ಏನೂ ಇಲ್ಲದ ಜಾಗ ಖಾಲಿಯಾಗಿರಲಿಲ್ಲ, ಬಿಗಿಯಾಗಿತ್ತು. ಕಡೆಗೆ ಮೂರೋ ನಾಲ್ಕೋ ಸ್ವರ ಒಟ್ಟಿಗೆ, ಸಡಿಲವಾಗಿ, ಪದರು ಎದ್ದು ಬಂದ ಹಾಗೆ. ಅಪ್ಪನ ಕೆಲಸವನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅದು ಚೆಂದವಿದೆ ಎಂದು ಅನ್ನಿಸಿದ್ದು ಆವತ್ತೇ. ಮುಂದೆ ಪ್ರತಿ ಆಟದಲ್ಲೂ ಮನೆ ಕಟ್ಟುವ ಮುಂಚೆ ಖಣಿ ಹಾಕುತ್ತಿದ್ದೆ. ಆ ಧಾಟಿ ಕೇಳುವುದಕ್ಕೆ.

ಟೇಪಿನಲ್ಲಿ ಹಿಡಿದಿಟ್ಟುಕೊಳ್ಳೋಣ ಎಂದು ಒಮ್ಮೆ ಹೇಳಿದೆ. ಅವಳ ಮುಖ ಸಣ್ಣದಾಯಿತು. "ಬ್ಯಾಡ. ನಮ್ಮ ಅಬ್ಬಾ ತಮ್ಮ ಬೆಂಜೊ ಆವಾಜ್ ಎಲ್ಲಿದ್ರೂ ಗುರುತು ಹಿಡಿತಾರ. ಆಮ್ಯಾಲೆ ಕಂಪ್ಯೂಟರೂ ಬಂದ್, ಬೆಂಜೋನೂ ಬಂದ್." ಟೇಪಿನ ಮಾತು ಬಿಟ್ಟೆ. ನಾಳೆಯೂ ಇರುತ್ತಾಳಲ್ಲ ಎಂಬ ಭರವಸೆ ನನ್ನದು.

ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ಲಗ್ನ ಗೊತ್ತಾಯಿತು. ಗಂಡಿನ ಮನೆ ಸುಲೇಪೇಟ. ಬೆಂಜೊ ಪಾರ್ಟಿಯವರು ತಮ್ಮ ಮನೆಯ ಮದುವೆಗೆ ತಾವು ಬಾರಿಸುವುದಿಲ್ಲವಂತೆ. ಚಿತ್ತಾಪುರದ ಇನ್ನೊಂದು ಪಾರ್ಟಿ ಬಂದು ಹೊರಗೆ ಬಾರಿಸುತ್ತಿತ್ತು. ನಾನು ಒಳಗೆ ಹೆಂಗಸರ ಜೊತೆ ಅವಳ ಪಕ್ಕದಲ್ಲಿದ್ದೆ. ಹೂವಿನ ಪರದೆ ಮುಖದ ಮೇಲೆ ಇಳಿಬಿದ್ದಿತ್ತು. ಅಳುತ್ತಿರಬಹುದು ಎಂದುಕೊಂಡು ಬಗ್ಗಿದರೆ ಕಿವಿಯಲ್ಲಿ ಅಂದಳು: "ಕೇಳಿದಿ? ಜಲ್ದಿ ಮಾಡಾಕತ್ತಾನ. ಅಲ್ಲೇ ನಿಲ್ಲಸಬೇಕಿತ್ತು, ಮಳ್ಳ." ನಾನು ಅವಳಿಂದ ಕೇಳಿದ ಕೊನೆಯ ಮಾತು ಬಹಳ ವರ್ಷ ಅದೇ ಆಗಿ ಉಳಿಯಿತು. ನಮ್ಮಿಬ್ಬರ ಮನೆಯಲ್ಲೂ ಫೋನಿರಲಿಲ್ಲ.

ಡಿಗ್ರಿ ಮುಗಿಯಿತು. ಅಪ್ಪ ಪಾಸಾದ ಹಾಳೆಯನ್ನು ತಲೆಕೆಳಗಾಗಿ ಹಿಡಿದು ಖಣಿಯವರಿಗೆಲ್ಲ ತೋರಿಸಿದ. ತಿದ್ದಬೇಡ ಎಂದು ಅವ್ವ ನನಗೆ ಕಣ್ಣು ಮಾಡಿದಳು. ಮುಂದೆ ಕಲಬುರಗಿಯಲ್ಲಿ ಎಂ.ಎ. ಓದಿ, ಸೇಡಂನ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಅಲ್ಲಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದವರ ಬಳಿ ಆ ಆಟದ ಸಿಡಿ ಕಂಡಿತು. ಡಬ್ಬಿಯ ಮೇಲೆ ಅದೇ ಬಯಲಿನ ಚಿತ್ರ. ರಜೆಯ ಮಧ್ಯಾಹ್ನ ಒಂದು ದಿನ ಕೇಳಿ ಹಾಕಿಸಿಕೊಂಡೆ.

ಬಯಲು ಕಾಣಿಸಿತು. ಅದರ ಜೊತೆಗೆ ಎಲ್ಲಿಂದಲೋ ಕೊಳಲಿನಂಥದ್ದು, ಅದರ ಕೆಳಗೆ ಪಿಟೀಲಿನಂಥದ್ದು ಶುರುವಾಯಿತು. ಯಾರೋ ರೇಡಿಯೊ ಹಚ್ಚಿದ್ದಾರೆ ಎಂದುಕೊಂಡು ಕಿಟಕಿಯ ಕಡೆ ನೋಡಿದೆ.

"ಆಟದ್ದೇ ಮ್ಯೂಸಿಕ್ರಿ ಮೇಡಂ," ಅಂದರು ಅವರು.

"ಇದಕ್ಕ ಮ್ಯೂಸಿಕ್ ಇಲ್ಲಲ್ರಿ."

"ಇಲ್ದೇ ಏನ್ರಿ! ನೀವು ಆಡಿದ್ದು ಕಾಪಿ ಮಾಲು. ಒಂದೇ ಸಿಡಿದಾಗ ಹಿಡಿಸಾಕ ಮ್ಯೂಸಿಕ್ ಕತ್ತರಿಸಿ ಒಗೆದಿರ್ತಾರ."

ಅವರು ಬೀಗದ ಕೈ ಕೊಟ್ಟು ಹೋದ ಮೇಲೆ ಕೂತು ಕೇಳಿದೆ. ಸಂಗೀತ ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ, ಬಹಳ ಚೆನ್ನಾಗಿತ್ತು. ಊರು ಶಾಂತವಾಗಿದ್ದರೆ ಒಂದು ಬಗೆ, ನನ್ನ ಸಿಪಾಯಿಗಳು ಕೈಯೆತ್ತಿದೊಡನೆ ನಗಾರಿ. ಮೊದಲು ಖಣಿ ಹಾಕಿದೆ. ಕೊಳಲು ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಆಮೇಲೆ ಒಬ್ಬನನ್ನು ತೋಳ ಹಿಡಿಯಿತು. ನನ್ನ ಕೈ ತಾನಾಗಿ ಆ ಜಾಗ ಬಿಟ್ಟು ಸರಿಯಿತು. ಸಂಗೀತ ನಿಲ್ಲಲಿಲ್ಲ. ನಾನು ಅತ್ತೆ. ಒಬ್ಬಳು ಲೆಕ್ಚರರ್, ಬೀಗದ ಕೈ ಗೊಂಚಲು ಮುಂದಿಟ್ಟುಕೊಂಡು, ಆಟದ ಮುಂದೆ ಕೂತು ಅತ್ತದ್ದನ್ನು ಯಾರೂ ನೋಡಲಿಲ್ಲ.

ಆಟದ ಕೊನೆಗೆ ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ. ಸಂಗೀತ ಎಂಬಲ್ಲಿ ನಿಲ್ಲಿಸಿ ಓದಿದೆ. ಮುಂದೆ ಬಸ್‌ಸ್ಟ್ಯಾಂಡಿನ ಹತ್ತಿರದ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಇಂಥ ಸಂಗೀತ ಕಟ್ಟುವವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುವುದೊಂದು ನನಗೆ ಗೊತ್ತಿರುವ ದಾರಿ. ಸಿನಿಮಾಕ್ಕೆ ಸಂಗೀತ ಮಾಡುವವನಿಗೆ ದೃಶ್ಯ ಎಷ್ಟು ಹೊತ್ತು ಇರುತ್ತದೆಂದು ಗೊತ್ತಿರುತ್ತದೆ. ಇವರಿಗೆ ಗೊತ್ತಿರುವುದಿಲ್ಲ. ಆಡುವವಳು ಒಂದು ಹೊಳೆಯ ದಂಡೆಯಲ್ಲಿ ಒಂದು ಗಳಿಗೆ ನಿಲ್ಲಬಹುದು, ಮಧ್ಯಾಹ್ನ ಪೂರ್ತಿ ನಿಲ್ಲಬಹುದು. ಅಷ್ಟು ಹೊತ್ತೂ ಸಂಗೀತ ತಿರುಗುತ್ತಿರಬೇಕು, ತಿರುಗುತ್ತಿದೆ ಎಂದು ಗೊತ್ತಾಗಬಾರದು, ಬೇಸರ ತರಬಾರದು, ಆಟಕ್ಕೆ ಅಡ್ಡ ಬರಬಾರದು. ಓದುತ್ತ ಓದುತ್ತ ನನಗೆ ಬೇರೆ ಯಾರದೋ ಮಾತು ಕೇಳುತ್ತಿತ್ತು. ಬರಾತಿನ ಕಾಕಾನ ಬಗ್ಗೆ ಅವಳು ಹೇಳಿದ್ದ ಮಾತು. ದೂರದ ದೇಶದ ಆ ಮಂದಿ ದೊಡ್ಡ ದೊಡ್ಡ ಕೋಣೆಗಳಲ್ಲಿ ಕೂತು ಬಿಡಿಸಿದ ತೊಡಕನ್ನು ಅವಳು ಪೇಂಟಿನ ಅಂಗಡಿಯ ಮೇಲೆ ಒಂದು ತಂತಿ ಹೋದ ಬೆಂಜೊದಲ್ಲಿ ಬಿಡಿಸಿದ್ದಳು.

ಅಂದಿನಿಂದ ಕಲ್ಲಿನ ಧಾಟಿಯ ಆಸೆ ನನ್ನನ್ನು ಬಿಡಲಿಲ್ಲ. ಮನಸ್ಸಿನಲ್ಲಿ ಹಾಡಿಕೊಂಡರೆ ಬರುತ್ತಿತ್ತು, ಬಾಯಿ ತೆರೆದರೆ ಹೋಗುತ್ತಿತ್ತು. ಹೊತ್ತಲ್ಲದ ಹೊತ್ತಲ್ಲಿ, ಪಾಠದ ನಡುವೆ, ಆ ಕೆಳಗಿನ ತಂತಿಯ ಮೊದಲ ಸ್ವರ ಬಂದು ನಿಲ್ಲುತ್ತಿತ್ತು. ಎರಡನೆಯದಕ್ಕೆ ಕಾಯುತ್ತ ಕರಿಹಲಗೆಯ ಮುಂದೆ ನಾನೂ ನಿಂತುಬಿಡುತ್ತಿದ್ದೆ.

ಆಮೇಲೆ ಚಿಂಚೋಳಿಯ ಕಾಲೇಜಿಗೆ ಕಾಯಂ ನೌಕರಿ ಸಿಕ್ಕಿತು. ಚಂದ್ರಂಪಳ್ಳಿ ಕಡೆಯಿಂದ, ತಾಂಡಾಗಳಿಂದ ಬರುವ ಹುಡುಗ ಹುಡುಗಿಯರು; ಅವರಲ್ಲಿ ಅನೇಕರು ನನ್ನಂತೆಯೇ ಮನೆಗೆ ಮೊದಲಿಗರು. ಅಲ್ಲಿಂದ ಕಲಬುರಗಿಗೆ ಹೋಗುವ ಬಸ್ಸು ಸುಲೇಪೇಟದಲ್ಲಿ ನಿಲ್ಲುತ್ತದೆ. ನಿಂತಾಗಲೆಲ್ಲ ಕಿಟಕಿಯಿಂದ ಹಣಿಕಿ ನೋಡುತ್ತಿದ್ದೆ, ಇಳಿಯುತ್ತಿರಲಿಲ್ಲ. ಅವಳಿಗೆ ನಾನು ನೆನಪಿಲ್ಲದಿದ್ದರೆ ಎಂಬ ಅಳುಕು. ಕಡೆಗೆ ಒಂದು ಶನಿವಾರ, ಹೊಸದಾಗಿ ಕೊಂಡ ಲ್ಯಾಪ್‌ಟಾಪಿನಲ್ಲಿ ಆಟ ಹಾಕಿಸಿಕೊಂಡು, ಇಳಿದೇಬಿಟ್ಟೆ.

ಗಂಡನ ಮನೆಯವರದು ಮೈಕ್ ಸೆಟ್ಟು, ಶಾಮಿಯಾನಾ ಬಾಡಿಗೆಗೆ ಕೊಡುವ ಅಂಗಡಿ. ಗಂಡ ಯಾವುದೋ ಊರಿಗೆ ಸ್ಪೀಕರ್ ಡಬ್ಬಿ ಕಟ್ಟಲು ಹೋಗಿದ್ದ. ಅಂಗಡಿಯಲ್ಲಿ ಅವಳೇ ಇದ್ದಳು, ವೈರು ಸುತ್ತುತ್ತ.

"ಏನ್ ಬೇಕ್ರಿ?" ಅಂದವಳು ಕೈ ನಿಲ್ಲಿಸಿದಳು. "ಏ ಓದಾಕಿ! ಇನ್ನಾ ಓದಾಕತ್ತೀಯೇನು?"

"ಇಲ್ಲ, ಈಗ ಓದಸ್ಲಿಕತ್ತೀನಿ. ಚಿಂಚೋಳ್ಯಾಗ."

"ಅಂದ್ರ ಮೇಡಂ ಆದಿ! ಕುಂದ್ರಿ ಮೇಡಂ, ಕುಂದ್ರಿ," ಎಂದು ಎದೆಯೆತ್ತರದ ಸ್ಪೀಕರ್ ಡಬ್ಬಿಗಳ ಪಕ್ಕ ಮಲಗಿಸಿಟ್ಟ ಇನ್ನೊಂದು ಡಬ್ಬಿ ತೋರಿಸಿದಳು. ಅದರ ಮೇಲೆ ಕೂತೆ.

ಚಹಾ ಬಂತು. ಬೆಂಜೊ ಎಲ್ಲಿ ಎಂದು ಕೇಳಿದೆ.

"ಅಬ್ಬಾನ ಮನ್ಯಾಗ ಅದ, ತಂತಿ ಎಲ್ಲಾ ಹೋಗ್ಯಾವ. ಪಾರ್ಟೀನೂ ಹೋತು. ಈಗ ಎಲ್ಲಾರಿಗೂ ಡಿಜೆ ಬೇಕು. ನಮ್ಮಲ್ಲೇ ಬಂದು ಒಯ್ತಾರ," ಎಂದು ನಕ್ಕಳು.

ಬಂದ ಕೆಲಸ ಹೇಳಿದೆ. ಕಲ್ಲಿನ ಧಾಟಿ ಒಮ್ಮೆ ಹಾಡಿ ತೋರಿಸು, ಸಾಕು.

"ಯಾವ ಧಾಟಿ?"

ನಾನೇ ಬಾಯಿ ಬಿಟ್ಟು ಹಾಡಿದೆ. ಅವಳು ದುಪಟ್ಟಾ ಬಾಯಿಗೆ ಒತ್ತಿಕೊಂಡಳು. "ಯಾ ಅಲ್ಲಾ! ಇದು ಧಾಟಿ ಅಲ್ಲ, ನಿಮ್ಮ ವಾಡಿ ಕಾರ್ಖಾನಿ ಭೋಂಗಾ ಕೂಗಿದಂಗ!"

ನಾನು ನಗಲಿಲ್ಲ. ಅವಳೂ ನಗು ನಿಲ್ಲಿಸಿ, ನೆನಪು ಮಾಡಿಕೊಳ್ಳುವವಳಂತೆ ವೈರಿನ ಸುರುಳಿ ನೋಡಿದಳು. ಮೊಣಕಾಲ ಮೇಲೆ ಬೆರಳಾಡಿಸಿದಳು, ಬಿಟ್ಟಳು.

"ಖರೇ ಹೇಳ್ತೀನಿ, ನನಗ ಬರವಲ್ದು. ಅದು ಒಂದೇ ಧಾಟಿ ಇತ್ತಂತ ಯಾರ್ ಹೇಳ್ಯಾರ ನಿನಗ? ದಿನಾ ಬ್ಯಾರೇ ಬ್ಯಾರೇ ಬಾರಸ್ತಿದ್ದೆ. ನಿನ್ನ ಕೈ ದಿನಾ ಒಂದೇ ನಮೂನಿ ಇರ್ತಿತ್ತೇನು?"

ಒಂದೇ ಇತ್ತು ಎಂದೆ. ಹಠ ಮಾಡಿದೆ. ಅವಳು ತಲೆ ಅಲ್ಲಾಡಿಸಿದಳು. ಇಷ್ಟು ವರ್ಷ ನಾನು ಹೊತ್ತು ತಿರುಗಿದ ಧಾಟಿ ಅವಳ ಹತ್ತಿರ ಇಟ್ಟದ್ದಲ್ಲ, ಎಲ್ಲಿಯೂ ಇಟ್ಟದ್ದಲ್ಲ. ಆ ಮಧ್ಯಾಹ್ನಗಳ ಜೊತೆಗೇ ಅದು ಹೋಗಿತ್ತು. ಚಹಾದ ಕಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದೆ.

ಆ ಮೇಲೆ ಆಟಕ್ಕೆ ಮೊದಲಿನಿಂದಲೂ ಸಂಗೀತವಿತ್ತು, ನಮ್ಮ ಸಿಡಿಯಲ್ಲಿ ಕತ್ತರಿಸಿದ್ದರು ಎಂದು ಹೇಳಿದೆ. ಅವಳ ಕಣ್ಣು ದೊಡ್ಡವಾದವು. "ಇತ್ತೇನು? ಸರ್‌ಗೆ ಹೇಳಿದಿ? ಪಾಪ ಸರ್! ಹಚ್ಚು, ಕೇಳೂಣು."

ಲ್ಯಾಪ್‌ಟಾಪಿನ ಸಣ್ಣ ಸದ್ದಿಗೆ ಅವಳು ಒಪ್ಪಲಿಲ್ಲ. ಒಂದು ವೈರು ತಂದು ಡಬ್ಬಿಗೆ ಸಿಕ್ಕಿಸಿ, ಹೊರಗೆ ಕೇಳದಂತೆ ಸದ್ದಿನ ಗುಂಡಿಯನ್ನು ತೀರಾ ಕೆಳಗೆ ತಿರುಗಿಸಿದಳು. ಕೊಳಲು ನಾನು ಕೂತಿದ್ದ ಡಬ್ಬಿಯೊಳಗಿನಿಂದಲೇ ಎದ್ದು ಬಂತು. ಅವಳು ವೈರು ಕೆಳಗಿಟ್ಟು, ನೆಲದ ಮೇಲೆ ಕಾಲು ಮಡಚಿ ಕೂತು, ಡಬ್ಬಿಗೆ ತಲೆ ಆನಿಸಿದಳು.

ಆಮೇಲೆ, "ಛಲೋ ಅದ," ಅಂದಳು. ಸ್ವಲ್ಪ ಬಿಟ್ಟು, "ಭಾಳ ಛಲೋ ಅದ. ಎಲ್ಲಿ ತಿರುಗಸ್ಯಾರ ನೋಡು, ಗೊತ್ತೇ ಆಗವಲ್ದು. ಎಷ್ಟ ಮಂದಿ ಅದಾರ ಇವ್ರು?"

ಹೆಸರು ಹೇಳಿದೆ. ಒಬ್ಬೊಬ್ಬರದನ್ನೂ ಅವಳು ತನ್ನ ನಾಲಿಗೆಯಲ್ಲಿ ಒಮ್ಮೆ ಹೇಳಿ ನೋಡಿದಳು. ಬೇರೆ ಊರಿನ ಪಾರ್ಟಿಯವರ ಹೆಸರು ಕೇಳಿ ತಿಳಿದುಕೊಳ್ಳುವ ಹಾಗೆ.

"ಯಾರರೇ ಸತ್ರ ಏನ್ ಮಾಡ್ತಾರ?"

ನಾನು ಉತ್ತರ ಹೇಳುವ ಮುಂಚೆಯೇ ತೋಳ ಬಂತು. ಒಬ್ಬ ಬಿದ್ದ. ಕೊಳಲು ನಡೆದೇ ಇತ್ತು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ.

"ಗೊತ್ತಾಗಬೇಕಲ್ಲ ಅವ್ರಿಗೆ," ಅಂದಳು. "ಅವ್ರು ಇಲ್ಲಿ ಬಾಜೂಕ ಕುಂತಿಲ್ಲ."

ಊರಿನ ಪಕ್ಕ ಹರಿಯುವ ಹೊಳೆಯ ದಂಡೆಗೆ ಬಂದಾಗ ಕೊಳಲು ಹಿಂದೆ ಸರಿದು, ತಂತಿವಾದ್ಯವೊಂದು ಒಂಟಿಯಾಗಿ ಶುರುವಾಯಿತು. ಅವಳು ಥಟ್ಟನೆ ನನ್ನ ಮೊಣಕಾಲು ಹಿಡಿದಳು.

"ತಡಿ. ಇಲ್ಲೇ ಇರು. ಮುಂದ ಹೋಗಬ್ಯಾಡ."

ಕಣ್ಣು ಮುಚ್ಚಿದಳು. ನಾನು ಕೈ ಸಡಿಲ ಬಿಟ್ಟು ದಂಡೆಯ ಮೇಲೆಯೇ ನಿಂತೆ. ಹೊರಗೆ ಯಾರೋ ಬಂದು, "ಅಕ್ಕಾ, ನಾಳಿಗಿ ಎರಡ ಡಬ್ಬಿ ಬೇಕಾಗಿದ್ವು," ಎಂದರು. ಕಣ್ಣು ತೆರೆಯದೆಯೇ ಕೈ ಮಾಡಿ ನಿಲ್ಲಿಸಿದಳು. ಚಿಂಚೋಳಿ ಬಸ್ಸು ಹಾರ್ನ್ ಹೊಡೆಯಿತು. "ಇನ್ನೊಂದ ಬಸ್ ಅದ," ಅಂದಳು. ಪರದೆಯ ಉತ್ತರದ ತುದಿಯಲ್ಲಿ ವೈರಿಯ ಪಂಜುಗಳು ಕಾಣಿಸಿಕೊಂಡವು. ನನ್ನ ಸಿಪಾಯಿಗಳು ಗೋಡೆಯ ಹತ್ತಿರ ಸುಮ್ಮನೆ ನಿಂತಿದ್ದರು; ಹೇಳಿದರೆ ಓಡುತ್ತಾರೆ, ಓಡಿದರೆ ನಗಾರಿ ಶುರುವಾಗುತ್ತದೆ, ಈ ತಂತಿ ನಿಲ್ಲುತ್ತದೆ. ಅವಳ ತುಟಿ ತಂತಿಯ ಜೊತೆ ಸಣ್ಣಗೆ ಅಲುಗುತ್ತಿತ್ತು. ಪಂಜುಗಳು ಗೋಧಿ ಹೊಲ ದಾಟಿದವು. ನಾನು ಕೈ ಆಡಿಸಲಿಲ್ಲ.